ಕೊರೆಯುವ ನೀರಿನಲ್ಲಿ ಬಾಸ್: ಎರೆ ಎಷ್ಟು ನಿಧಾನ ಹೋಗಬೇಕು, ಯಾಕೆ?

ಚಳಿಗಾಲದಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರ ಹತ್ತಿರ ಈ ಕತೆ ಇದ್ದೇ ಇರುತ್ತದೆ. ಬೆಳಿಗ್ಗೆಯಿಂದ ಎಸೆದು, ಎಳೆದು, ಮತ್ತೆ ಎಸೆದು ಬೆರಳು ಮರಗಟ್ಟಿರುತ್ತವೆ. ಒಂದು ಮೀನೂ ಮುಟ್ಟಿರುವುದಿಲ್ಲ. ಸಾಕಪ್ಪಾ ಅಂತ ರಾಡನ್ನು ದೋಣಿಯ ಅಂಚಿಗೆ ಒರಗಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ಅಷ್ಟರಲ್ಲಿ ರಾಡಿನ ತುದಿ ಮೆಲ್ಲಗೆ ಬಾಗುತ್ತದೆ.

ಅದೃಷ್ಟ ಅಂತ ಎಲ್ಲರೂ ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ದಿನ ಮೊದಲ ಸಲ ಎರೆ ಒಂದೇ ಜಾಗದಲ್ಲಿ ಅರ್ಧ ನಿಮಿಷ ನಿಂತಿತ್ತು, ಅಷ್ಟೇ.

ತಣ್ಣೀರಲ್ಲಿ ನಿಧಾನವಾಗಿ ಎಳೆಯಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಿಧಾನ ಅಂದರೆ ಎಷ್ಟು? ನಮಗೆ ನಿಧಾನ ಅನ್ನಿಸಿದ್ದು ಮೀನಿಗೂ ನಿಧಾನವೇ? ಹೆಚ್ಚಿನವರು ಎಡವುವುದು ಇಲ್ಲೇ.

ಇಲ್ಲಿ ಬಾಸ್ ಅಂದರೆ ಉತ್ತರ ಅಮೆರಿಕ ಮೂಲದ ಸಿಹಿನೀರಿನ ಬೇಟೆಮೀನು. ಲಾರ್ಜ್‌ಮೌತ್, ಸ್ಮಾಲ್‌ಮೌತ್, ಸ್ಪಾಟೆಡ್ ಇವು ಅದರಲ್ಲಿ ಹೆಸರಾದವು. ಹೆಸರು ಬಾಸ್ ಆದರೂ ಇವು ಸನ್‌ಫಿಶ್ ಕುಟುಂಬದವು, ಸಮುದ್ರದ ಬಾಸ್‌ಗೆ ಹತ್ತಿರದ ನೆಂಟರಲ್ಲ. ಎರೆ ಅಂದಾಗಲೂ ಜೀವಂತ ಎರೆಹುಳುವಲ್ಲ, ಪ್ಲಾಸ್ಟಿಕ್ಕಿನ ಅಥವಾ ಪುಕ್ಕದ ಹುಸಿ ಎರೆ, ಅಂದರೆ ಲ್ಯೂರ್. ಸಣ್ಣ ಎರೆ, ಹಗುರ ತೂಕ, ಸಪೂರ ದಾರ ಇಟ್ಟುಕೊಂಡು ನಯವಾಗಿ ಆಡಿಸುವ ಈ ಶೈಲಿಗೆ ಫಿನೆಸ್ ಅನ್ನುತ್ತಾರೆ.

ಮೀನಿನ ಖರ್ಚಿನ ಲೆಕ್ಕ

ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಸುಮಾರು ಅಷ್ಟೇ ಬೆಚ್ಚಗೆ. ಒಳಗೆ ನಡೆಯುವ ಕೆಲಸವೆಲ್ಲ, ಉಸಿರಾಟ, ಜೀರ್ಣ, ಸ್ನಾಯುಗಳ ಚುರುಕು, ನೀರಿನ ಬಿಸಿಯನ್ನೇ ನೆಚ್ಚಿಕೊಂಡಿದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಈ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಒಂದು ಒರಟು ಲೆಕ್ಕ. 25 ಡಿಗ್ರಿಯ ಬೇಸಿಗೆ ನೀರು 5 ಡಿಗ್ರಿಗೆ ಬಂತು ಅಂದರೆ ಎರಡು ಸಲ ಅರ್ಧ. ಅಂದರೆ ಕಾಲು ಭಾಗದ ಆಸುಪಾಸು.

ಇದರಿಂದ ಎರಡು ವಿಷಯ ಆಗುತ್ತದೆ. ಒಂದು, ಮೀನಿಗೆ ಊಟ ಕಡಿಮೆ ಸಾಕು. ಒಂದು ಸಲ ನುಂಗಿದ್ದು ಹೊಟ್ಟೆಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಎರಡು, ಓಡಿ ಹಿಡಿಯುವ ಬೇಟೆ ದುಬಾರಿಯಾಗುತ್ತದೆ. ತಣ್ಣಗಾದ ಸ್ನಾಯು ಚುರುಕಾಗಿ ಮಿಡಿಯುವುದಿಲ್ಲ. ಎರಡು ಮೀಟರ್ ಬೆನ್ನಟ್ಟಿ ಸಿಗದೇ ಹೋದರೆ ಬರೀ ನಷ್ಟ. ಆದ್ದರಿಂದ ಬಾಸ್ ಬಾಯಿ ಮುಚ್ಚಿಕೊಂಡು ಮಲಗಿದೆ ಅಂತ ಅಂದುಕೊಳ್ಳಬೇಡಿ. ಅದು ತಿನ್ನುತ್ತದೆ. ಬಾಯಿ ಹತ್ತಿರ ಬಂದದ್ದನ್ನು, ಓಡಿಹೋಗದೇ ಇರುವುದನ್ನು ಮಾತ್ರ ತಿನ್ನುತ್ತದೆ.

ಈಗ ರೀಲಿನ ಕಡೆ ಬನ್ನಿ. ಸಾಮಾನ್ಯ ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸುಮಾರು 70 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ಚಳಿಗೆ ಜಡವಾದ ಬಾಸ್ ಅರ್ಧ ಮೀಟರ್ ಮಾತ್ರ ಮುಂದೆ ಬರಲು ಸಿದ್ಧವಿದೆ ಅಂತ ಇಟ್ಟುಕೊಳ್ಳಿ. ಅದರ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ, ಒಟ್ಟು ಒಂದು ಮೀಟರ್ ಅಂಗಳ. ನೀವು ಸೆಕೆಂಡಿಗೆ ಒಂದೇ ಸುತ್ತು ತಿರುಗಿಸಿದರೂ ಎರೆ ಆ ಅಂಗಳ ದಾಟಲು ಒಂದೂವರೆ ಸೆಕೆಂಡ್ ಸಾಕು. ಅಷ್ಟರಲ್ಲಿ ಮೀನು ನೋಡಬೇಕು, ನಂಬಬೇಕು, ಹೊರಡಬೇಕು. ಸೆಕೆಂಡಿಗೆ ಒಂದು ಸುತ್ತು ಅನ್ನುವುದು ನಮ್ಮ ಕೈಗೆ ಆಮೆ ನಡಿಗೆ. ಮೀನಿನ ಪಾಲಿಗೆ ಬಸ್ಸು ನಿಲ್ಲಿಸದೇ ಹೋದ ಹಾಗೆ.

ಹಾಗಾಗಿ ವೇಗದ ಬಗ್ಗೆ ಯೋಚಿಸುವುದನ್ನೇ ಬಿಡಿ. ಎರೆ ಆ ಒಂದು ಮೀಟರ್ ಅಂಗಳದೊಳಗೆ ಎಷ್ಟು ಹೊತ್ತು ಇರುತ್ತದೆ ಅನ್ನುವುದಷ್ಟೇ ಲೆಕ್ಕ. ಒಂದೂವರೆ ಸೆಕೆಂಡನ್ನು ಇಪ್ಪತ್ತು, ಮೂವತ್ತು ಸೆಕೆಂಡ್ ಮಾಡುವುದು ಹೇಗೆ? ಫಿನೆಸ್ ಸಲಕರಣೆ ಕೈಹಿಡಿಯುವುದು ಈ ಒಂದು ಪ್ರಶ್ನೆಗೆ.

ಬೀಳುವುದೇ ಅರ್ಧ ಆಟ

ತಣ್ಣೀರಿನ ಕಚ್ಚಿನಲ್ಲಿ ಬಹಳಷ್ಟು ಎರೆ ಕೆಳಗೆ ಬೀಳುವಾಗ, ಇಲ್ಲವೇ ತಳ ಮುಟ್ಟಿದ ಕೂಡಲೇ ಬರುತ್ತದೆ. ಮೇಲಿಂದ ಕೆಳಕ್ಕೆ ಇಳಿಯುವ ಎರೆ ಅಡ್ಡಕ್ಕೆ ದೂರ ಹೋಗುವುದಿಲ್ಲ. ಮೀನಿನ ಅಂಗಳದಲ್ಲೇ ಇಳಿಯುತ್ತದೆ. ಹಗುರವಾಗಿದ್ದಷ್ಟೂ ಜಾಸ್ತಿ ಹೊತ್ತು ಇಳಿಯುತ್ತದೆ. ಗಾಳಕ್ಕೆ ಅಂಟಿಕೊಂಡ ಸೀಸದ ತಲೆಯನ್ನು 7 ಗ್ರಾಮಿನಿಂದ 1.8 ಗ್ರಾಮಿಗೆ ಇಳಿಸುವುದು ಅಂದರೆ ಸಮಯ ಕೊಂಡುಕೊಳ್ಳುವುದು. ಔನ್ಸಿನ ಲೆಕ್ಕದಲ್ಲಿ ಕಾಲು ಔನ್ಸಿನಿಂದ ಒಂದು ಔನ್ಸಿನ ಹದಿನಾರನೇ ಒಂದು ಭಾಗಕ್ಕೆ.

ಹಗುರಕ್ಕೆ ಇನ್ನೊಂದು ಕಾರಣವೂ ಇದೆ. ಇದನ್ನು ಕೇಳಿದ ಮೇಲೆ ನನ್ನ ಪೆಟ್ಟಿಗೆಯಿಂದ ಸೀಸದ ತಲೆಯ ಗಾಳಗಳಾದ ಭಾರದ ಜಿಗ್‌ಗಳು ಒಂದೊಂದಾಗಿ ಹೊರಗೆ ಬಿದ್ದವು. ಬಾಸ್ ಕಚ್ಚುವುದು ಅಂತ ನಾವು ಹೇಳಿದರೂ ಅದು ನಿಜವಾಗಿ ಹೀರುತ್ತದೆ. ಬಾಯಿ ಫಕ್ಕನೆ ತೆರೆದಾಗ ಎದುರಿನ ನೀರು ಒಳಗೆ ನುಗ್ಗುತ್ತದೆ, ಅದರ ಜೊತೆ ಬೇಟೆಯೂ. ಚಳಿಯಲ್ಲಿ ಆ ಬಾಯಿ ತೆರೆಯುವುದೂ ನಿಧಾನ. ಎರೆ ಭಾರವಿದ್ದರೆ, ದಾರ ಬಿಗಿಯಾಗಿದ್ದರೆ, ಅದು ನೀರಿನ ಜೊತೆ ಒಳಗೆ ಹೋಗದೇ ಅರ್ಧಕ್ಕೇ ನಿಲ್ಲುತ್ತದೆ. 'ಮೀನು ಮುಟ್ಟಿತು, ಸಿಗಲಿಲ್ಲ' ಅಂತ ನಾವು ಗೊಣಗುವುದು ಇಂಥ ಹೊತ್ತಿನಲ್ಲೇ.

ಹಾಗಂತ ಹಗುರವೇ ದೇವರು ಅಂತಲೂ ಅಲ್ಲ. ಗಾಳಿ ಬೀಸುತ್ತಿದ್ದರೆ ದಾರ ಬಿಲ್ಲಿನ ಹಾಗೆ ಉಬ್ಬುತ್ತದೆ. ಹತ್ತು ಮೀಟರ್ ಆಳದಲ್ಲಿ 1.8 ಗ್ರಾಂ ಎರೆ ತಳ ಮುಟ್ಟಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಎರೆ ಎಲ್ಲಿದೆ ಅಂತ ತಿಳಿಯದ ಮೇಲೆ ಅದು ಎಷ್ಟು ನಿಧಾನವಿದ್ದರೇನು? ತಳದ ಅರಿವು ಸಿಗುವಷ್ಟು ಭಾರ, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ. ಬಿದ್ದ ಎರೆ ತಳ ಸೇರುವವರೆಗೆ ಮನಸ್ಸಿನಲ್ಲಿ ಎಣಿಸುತ್ತಾ ಹೋಗಿ. ಹನ್ನೆರಡಕ್ಕೆ ಮುಟ್ಟಬೇಕಾದದ್ದು ಏಳಕ್ಕೇ ನಿಂತರೆ ನಡುವೆ ಯಾರೋ ಹಿಡಿದಿದ್ದಾರೆ ಅಂತ ಅರ್ಥ.

ನೆಡ್ ರಿಗ್ ಮತ್ತು ಅದರ ಬಳಗ

ಅಣಬೆಯ ಟೊಪ್ಪಿಯಂಥ ಸಣ್ಣ ಸೀಸದ ತಲೆ, ಅದಕ್ಕೆ ಏಳು ಸೆಂಟಿಮೀಟರಿನ ತುಂಡು ಪ್ಲಾಸ್ಟಿಕ್ ಕಡ್ಡಿ. ಬಾಲವಿಲ್ಲ, ಕಾಲಿಲ್ಲ, ಮಿನುಗಿಲ್ಲ. ಮೊದಲ ಸಲ ನೋಡಿದವರು 'ಇದನ್ನು ಯಾವ ಮೀನು ತಿನ್ನುತ್ತದೆ?' ಅಂತ ಕೇಳದೇ ಇರುವುದಿಲ್ಲ. ಇದೇ ನೆಡ್ ರಿಗ್. ಅಮೆರಿಕದ ಕಾನ್ಸಸ್ ರಾಜ್ಯದ ಬರಹಗಾರ ನೆಡ್ ಕೇಡಿ ಅವರ ಹೆಸರಲ್ಲಿ ಬಂದದ್ದು. ಅವರು ಬರೆದು ಹರಡಿದ ಈ ಪದ್ಧತಿಗೆ ಮಿಡ್‌ವೆಸ್ಟ್ ಫಿನೆಸ್ ಅಂತಲೂ ಹೆಸರಿದೆ. ಬೇರು ಇನ್ನೂ ಹಿಂದಿನದು. ಕಾನ್ಸಸ್ ಸಿಟಿ ಕಡೆಯ ಚಕ್ ವುಡ್ಸ್ ಎಂಬವರು ಇಂಥ ಗಿಡ್ಡ ಎರೆಗಳನ್ನು ಜಿಗ್ ತಲೆಗೆ ಸಿಕ್ಕಿಸಿ ಹಿಡಿಯುತ್ತಿದ್ದರು.

ಇದಕ್ಕೆ ಬಳಸುವ ಪ್ಲಾಸ್ಟಿಕ್ಕಿನಲ್ಲಿ ಒಂದು ಜಾತಿ ನೀರಿನಲ್ಲಿ ತೇಲುತ್ತದೆ. ತಲೆ ತಳಕ್ಕೆ ಕೂತರೆ ಕಡ್ಡಿ ಮೇಲಕ್ಕೆ ನಿಲ್ಲುತ್ತದೆ. ನೀವು ಏನೂ ಮಾಡದೇ ಕೂತರೂ ಸಣ್ಣ ಸೆಳೆತಕ್ಕೆ ಅದು ಅಲ್ಲಾಡುತ್ತಲೇ ಇರುತ್ತದೆ. ಕ್ರೇಫಿಶ್, ಅಂದರೆ ಸಿಗಡಿಯ ದೊಡ್ಡಣ್ಣನಂಥ ಪ್ರಾಣಿ, ಹೆದರಿದಾಗ ಕೊಂಡಿ ಮೇಲೆತ್ತಿ ನಿಲ್ಲುವುದನ್ನು ಇದು ಹೋಲುತ್ತದೆ ಅಂತ ಹೇಳುವವರಿದ್ದಾರೆ. ಇರಬಹುದು. ನನಗೇನೋ ಇದು ಯಾವುದನ್ನೂ ಸರಿಯಾಗಿ ಹೋಲದೇ ಇರುವುದೇ ಅನುಕೂಲ ಅನ್ನಿಸುತ್ತದೆ. ಸಣ್ಣದು, ಓಡುವುದಿಲ್ಲ, ತಿನ್ನುವ ಹಾಗಿದೆ, ಮೀನಿಗೆ ಅಷ್ಟು ಸಾಕಲ್ವಾ? ಒಂದು ಎಚ್ಚರಿಕೆ: ಈ ತೇಲುವ ಪ್ಲಾಸ್ಟಿಕ್ಕನ್ನು ಮಾಮೂಲಿ ಪ್ಲಾಸ್ಟಿಕ್ ಹುಳುಗಳ ಜೊತೆ ಒಂದೇ ಡಬ್ಬಿಗೆ ಹಾಕಬೇಡಿ. ಎರಡೂ ಕರಗಿ ಅಂಟಿಕೊಂಡು ಪಾಯಸವಾಗಿರುತ್ತದೆ.

ಆಡಿಸುವುದು ಹೀಗೆ. ಎಸೆಯಿರಿ. ದಾರವನ್ನು ಪೂರ್ತಿ ಸಡಿಲ ಬಿಡದೆ, ಬಿಗಿಯೂ ಮಾಡದೆ ಬೀಳಲು ಬಿಡಿ. ತಳ ಮುಟ್ಟಿದ ಮೇಲೆ ಹತ್ತರವರೆಗೆ ಎಣಿಸಿ. ಆಮೇಲೆ ರೀಲಿನಿಂದಲ್ಲ, ರಾಡಿನಿಂದ, ಪಕ್ಕಕ್ಕೆ ಒಂದು ಗೇಣು ಎಳೆಯಿರಿ. ಸಡಿಲಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಮತ್ತೆ ಎಣಿಸಿ. ಒಂದು ಎಸೆತಕ್ಕೆ ಮೂರು ನಾಲ್ಕು ನಿಮಿಷ ಹಿಡಿದರೆ ಸರಿಯಾದ ದಾರಿಯಲ್ಲಿದ್ದೀರಿ. ಬೇಸರ ಬರುತ್ತದೆ, ನಿಜ. ಕೈಗೆ ಏನಾದರೂ ಕೆಲಸ ಕೊಡಬೇಕು ಅನ್ನಿಸಿದರೆ ರಾಡನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ಸುಮ್ನೆ ಇರಿ. ಆ ಹಿಡಿತದಲ್ಲೇ ಇರುವ ಸಣ್ಣ ನಡುಕ ಎರೆಗೆ ಸಾಕಾಗುತ್ತದೆ.

ಮೀನು ತಳದಲ್ಲಿಲ್ಲ, ತಳಕ್ಕಿಂತ ಒಂದಡಿ ಮೇಲಿದೆ ಅಂತಾದರೆ ಡ್ರಾಪ್ ಶಾಟ್. ಸೀಸದ ಗುಂಡು ದಾರದ ತುದಿಯಲ್ಲಿ, ಗಾಳ ಅದಕ್ಕಿಂತ 15ರಿಂದ 45 ಸೆಂಟಿಮೀಟರ್ ಮೇಲೆ. ಗುಂಡು ಲಂಗರಿನ ಹಾಗೆ ಕೂರುತ್ತದೆ, ಎರೆ ನೀರಿನ ನಡುವೆ ತೂಗುತ್ತದೆ. ಜಪಾನಿನಲ್ಲಿ, ಗಾಳ ಕಂಡು ಕಂಡು ಜಾಣರಾದ ಬಾಸ್‌ಗಳಿಗಾಗಿ ಬೆಳೆದ ಉಪಾಯ ಇದು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಮನೆಮಾತಾಯಿತು. ನಿಂತಲ್ಲೇ ನಿಲ್ಲಿಸುವ ವಿಷಯದಲ್ಲಿ ಇದನ್ನು ಮೀರಿಸಿದ್ದಿಲ್ಲ. ಒಂದೇ ತಪ್ಪು ಎಲ್ಲರೂ ಮಾಡುತ್ತಾರೆ: ಗುಂಡನ್ನೇ ಎತ್ತಿ ಎತ್ತಿ ಕುಣಿಸುತ್ತಾರೆ. ದಾರದ ಸಡಿಲು ಮಾತ್ರ ನಡುಗಬೇಕು, ಗುಂಡು ಜಾಗ ಬಿಡಬಾರದು.

ನನಗೆ ಬಹಳ ಇಷ್ಟವಾದದ್ದು ಮಾತ್ರ ಬೆಂಡು ಕಟ್ಟಿ ಹಿಡಿಯುವ ಪದ್ಧತಿ. ಫ್ಲೋಟ್ ಅಂಡ್ ಫ್ಲೈ ಅನ್ನುತ್ತಾರೆ. ಅಮೆರಿಕದ ಟೆನೆಸಿ ಕಡೆಯ ಆಳವಾದ, ತಿಳಿನೀರಿನ ಜಲಾಶಯಗಳಲ್ಲಿ ಚಳಿಗಾಲದ ಸ್ಮಾಲ್‌ಮೌತ್‌ಗೆ ಹೆಸರಾದದ್ದು. ಬೆಂಡು ಕಟ್ಟಿ ಕೂತವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬೆಂಡಿನ ಕೆಳಗೆ ಮೂರು ಮೀಟರ್ ದಾರ, ತುದಿಯಲ್ಲಿ 1.8 ಗ್ರಾಮಿನ ಪುಕ್ಕದ ಜಿಗ್. ಅಷ್ಟುದ್ದದ ದಾರ ತೂಗುವಾಗ ಎಸೆಯಬೇಕಾದ್ದರಿಂದ ರಾಡೂ ಎಂಟು ಒಂಬತ್ತು ಅಡಿ ಉದ್ದ. ಮೀನುಗಳು ಹದಿನೈದು ಮೀಟರ್ ಆಳದ ನೀರಿನಲ್ಲಿ ತಳ ಬಿಟ್ಟು ನಡುವೆ ತೇಲುತ್ತಿರುವಾಗ, ಅವುಗಳ ತಲೆಯ ಮೇಲೆ ಎರೆಯನ್ನು ನೇತುಹಾಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅಲೆ ಬೆಂಡನ್ನು ಕುಣಿಸುತ್ತದೆ, ಬೆಂಡು ಪುಕ್ಕವನ್ನು ಉಸಿರಾಡಿಸುತ್ತದೆ. ನಿಮ್ಮ ಕೆಲಸ ನೋಡುವುದು. ಮೇಲೆ ನೇತುಹಾಕುವುದು ಅಂದೆನಲ್ಲ, ಅದು ಮುಖ್ಯ. ಬಾಸ್ ಮೇಲಕ್ಕೆ ನೋಡಿ ಬೇಟೆಯಾಡುವ ಮೀನು. ಒಂದಡಿ ಮೇಲಿದ್ದರೆ ಬಂದು ತಿನ್ನುತ್ತದೆ, ಅರ್ಧ ಅಡಿ ಕೆಳಗಿದ್ದರೆ ಗಮನಿಸದೆಯೂ ಇರಬಹುದು.

ಪುಕ್ಕದ ವಿಷಯ ಬಂದದ್ದರಿಂದ ಹೇಳುತ್ತೇನೆ, ಪ್ಲಾಸ್ಟಿಕ್ ಚಳಿಗೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಲಕಲಕ ಅಲ್ಲಾಡುವ ಬಾಲ 5 ಡಿಗ್ರಿಯಲ್ಲಿ ಕಡ್ಡಿಯಾಗಿರುತ್ತದೆ. ಪುಕ್ಕ, ಕೂದಲು ಹಾಗಲ್ಲ, ಎಷ್ಟು ತಣ್ಣಗಿದ್ದರೂ ಮೃದು. ಪ್ಲಾಸ್ಟಿಕ್ಕೇ ಬೇಕು ಅಂದರೆ ಮೆತ್ತಗಿರುವುದನ್ನು ಆರಿಸಿ. ಉಪ್ಪು ತುಂಬಿದ ಹುಳುಗಳು ಬೇಗ ಮುಳುಗುತ್ತವೆ ಅನ್ನುವುದೂ ನೆನಪಿರಲಿ.

ದಾರ ಹೇಳುವುದನ್ನು ಕೇಳುವುದು

ಬೇಸಿಗೆಯ ಬಾಸ್ ರಾಡನ್ನೇ ಕಿತ್ತುಕೊಳ್ಳುತ್ತದೆ. ಚಳಿಗಾಲದ್ದು ಹಾಗೆ ಮಾಡುವುದಿಲ್ಲ. ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಏನೋ ಭಾರ. ಅಥವಾ ಇದ್ದ ಭಾರ ಇದ್ದಕ್ಕಿದ್ದ ಹಾಗೆ ಮಾಯ. ಅಥವಾ ದಾರ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಕೈಗಿಂತ ಮೊದಲು ಕಣ್ಣಿಗೆ ತಿಳಿಯುತ್ತದೆ. ಅದಕ್ಕೇ ಹಲವರು ರೀಲಿಗೆ ಢಾಳಾದ ಹಳದಿ ಬಣ್ಣದ ಹೆಣೆದ ದಾರ ಸುತ್ತಿ, ಅದರ ತುದಿಗೆ ಆರೋ ಎಂಟೋ ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ತಂಗೂಸಿಯನ್ನು ಸೇರಿಸುತ್ತಾರೆ. ಹೆಣೆದ ದಾರ ಹಿಗ್ಗುವುದಿಲ್ಲ, ಮೀನು ಮುಟ್ಟಿದ್ದು ನೇರ ಕೈಗೆ ಬರುತ್ತದೆ. ಫ್ಲೋರೋಕಾರ್ಬನ್ ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರ, ಆದ್ದರಿಂದ ಮುಳುಗುತ್ತದೆ. ನೀರಿನಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ. ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿದ್ದರೆ ಮಾತ್ರ ಹೆಣೆದ ದಾರ ತಲೆನೋವು. ಅದು ನೀರು ಹೊತ್ತು ತಂದು ರಾಡಿನ ಬಳೆಗಳಲ್ಲಿ ಹಿಮ ಕಟ್ಟಿಸುತ್ತದೆ. ಅಂಥ ದಿನ ಪೂರ್ತಿ ತಂಗೂಸಿಯೇ ವಾಸಿ.

ಭಾರ ಅನ್ನಿಸಿದಾಗ ರಾಡನ್ನು ಹೊಡೆದೆತ್ತಬೇಡಿ. ಗಾಳ ಸಣ್ಣದು, ಅದರ ತಂತಿ ತೆಳು, ಮೊನೆ ಹೊರಗೇ ಇದೆ. ಸಡಿಲು ಸುತ್ತಿಕೊಂಡು ಪಕ್ಕಕ್ಕೆ ಒತ್ತಿ ಎಳೆದರೆ ತಾನೇ ನಾಟುತ್ತದೆ. ಹೊಡೆದರೆ ದಾರ ಕಡಿಯುತ್ತದೆ, ಇಲ್ಲವೇ ಗಾಳ ನೆಟ್ಟಗಾಗುತ್ತದೆ.

ಎಲ್ಲಿ ಹುಡುಕುವುದು?

ಇಷ್ಟು ನಿಧಾನದ ಆಟಕ್ಕೆ ಒಂದು ದೊಡ್ಡ ದೋಷವಿದೆ. ಮೀನಿಲ್ಲದ ಜಾಗದಲ್ಲಿ ಇಡೀ ದಿನ ಕಳೆದುಬಿಡಬಹುದು. ಎಸೆತಕ್ಕೆ ನಾಲ್ಕು ನಿಮಿಷ ಅಂದರೆ ಗಂಟೆಗೆ ಹದಿನೈದೇ ಎಸೆತ. ಜಾಗ ಆರಿಸುವುದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ನೀರು ಅತ್ಯಂತ ಭಾರವಾಗುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ಬರುತ್ತದೆ, ಹಿಮವಾಗಿ ತೇಲುತ್ತದೆ. ಹಾಗಾಗಿ ಹಿಮ ಕಟ್ಟುವ ಸರೋವರಗಳಲ್ಲಿ ಚಳಿಗಾಲದ ಬೆಚ್ಚನೆ ನೀರು ತಳದಲ್ಲಿರುತ್ತದೆ. ಬೇಸಿಗೆಗೆ ಪೂರ್ತಿ ಉಲ್ಟಾ. ಹಿಮ ಕಟ್ಟದ ಜಲಾಶಯಗಳಲ್ಲಿ ಮೇಲಿಂದ ಕೆಳಗಿನವರೆಗೆ ನೀರು ಹೆಚ್ಚುಕಡಿಮೆ ಒಂದೇ ತಂಪು, ಆಮ್ಲಜನಕವೂ ಧಾರಾಳ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 4 ಡಿಗ್ರಿಯ ನೀರು 13 ಹಿಡಿಯುತ್ತದೆ. ಮೀನಿಗೆ ಉಸಿರಿನ ಕೊರತೆ ಇಲ್ಲ, ಎಲ್ಲಿ ಬೇಕಾದರೂ ಇರಬಹುದು. ಆದರೂ ಅವು ಕೆಲವೇ ಜಾಗಗಳಲ್ಲಿ ಗುಂಪಾಗುತ್ತವೆ.

ಕಡಿದಾದ ದಡ ಹುಡುಕಿ. ಅಲ್ಲಿ ಮೀನು ಎರಡು ಮೀಟರ್ ಆಳದಿಂದ ಎಂಟು ಮೀಟರಿಗೆ ಹೋಗಬೇಕಾದರೆ ದೂರ ಈಜಬೇಕಿಲ್ಲ, ಇದ್ದಲ್ಲೇ ಇಳಿದರಾಯಿತು. ಹಳೆಯ ಹೊಳೆಯ ಪಾತ್ರ ತಿರುಗಿ ದಡಕ್ಕೆ ತಾಗುವ ಜಾಗ, ಆಳಕ್ಕೆ ಚಾಚಿದ ಮೂಲೆ, ಅಣೆಕಟ್ಟಿನ ಕಲ್ಲಿನ ಏರಿ. ಕಲ್ಲು ಬಿಸಿಲು ಹೀರಿಕೊಳ್ಳುತ್ತದೆ. ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕೆರೆಯ ಉತ್ತರದ ದಡಕ್ಕೆ ಬಿಸಿಲು ಜಾಸ್ತಿ. ಅಲ್ಲಿ ಅರ್ಧ ಡಿಗ್ರಿ ಹೆಚ್ಚಿದ್ದರೂ ಮಧ್ಯಾಹ್ನದ ಹೊತ್ತಿಗೆ ವ್ಯತ್ಯಾಸ ಕಾಣಬಹುದು. ನಸುಕಿನಲ್ಲಿ ಎದ್ದು ಓಡುವ ಅಗತ್ಯವೇ ಇಲ್ಲ, ಈ ಆಟದಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಅದು.

ಥರ್ಮಾಮೀಟರ್ ತೋರಿಸುವ ಅಂಕಿಗಿಂತ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ನೋಡಿ. ಮೂರು ದಿನದಿಂದ 5ರಿಂದ 7ಕ್ಕೆ ಏರುತ್ತಿರುವ ನೀರನ್ನು, ನಿನ್ನೆ 12 ಇದ್ದು ಇಂದು 9ಕ್ಕೆ ಕುಸಿದ ನೀರಿಗಿಂತ ನಾನು ಹೆಚ್ಚು ನಂಬುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರೂ ಇದೆ. ತಣ್ಣೀರಲ್ಲೂ ಕೆಲವೊಮ್ಮೆ ಬಾಸ್ ಸರಕ್ಕನೆ ಬಿದ್ದ ಲೋಹದ ಬ್ಲೇಡ್ ಎರೆಯನ್ನು ಗಬಕ್ಕನೆ ಹಿಡಿಯುತ್ತದೆ. ಅದರ ಹಿಂದೆ ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣ ಮೀನಿನ ಪಾಡು ಇರಬಹುದು. ನೀರು 7 ಡಿಗ್ರಿಗಿಂತ ಕೆಳಗಿಳಿದರೆ ಅದು ಸೊರಗುತ್ತದೆ, ಇನ್ನೂ ತಣ್ಣಗಾದರೆ ರಾಶಿರಾಶಿಯಾಗಿ ಸಾಯುತ್ತದೆ. ಸಾಯುವ ಮೀನು ನಡುಗುತ್ತದೆ, ವಾಲುತ್ತದೆ, ಇಳಿಯುತ್ತದೆ, ಮತ್ತೆ ಒಂದು ಸಲ ಒದ್ದಾಡುತ್ತದೆ. ಬ್ಲೇಡ್ ಆ ಒದ್ದಾಟದ ನಕಲು. ಎಳೆದು ಹತ್ತು ಹದಿನೈದು ಸೆಕೆಂಡ್ ನಿಲ್ಲಿಸುವ, ನೀರಿನ ನಡುವೆ ತೂಗಿ ನಿಲ್ಲುವ, ಮೀನಿನಾಕಾರದ ಎರೆಯಾದ ಜರ್ಕ್‌ಬೇಟ್ ಕೂಡ ಅದೇ. ಗಮನಿಸಿ, ಇಲ್ಲೂ ಎರೆ ಮೀನಿನ ಅಂಗಳ ಬಿಟ್ಟು ಹೋಗುವುದಿಲ್ಲ. ಇದ್ದ ಜಾಗದಲ್ಲೇ ಗಲಾಟೆ ಮಾಡುತ್ತದೆ.

ಹಿಡಿದ ಮೇಲೆ

ಆಳದಿಂದ ಬಂದ ಮೀನಿಗೆ ಒಂದು ತೊಂದರೆಯಿದೆ. ಬಾಸ್‌ನ ಗಾಳಿಚೀಲಕ್ಕೆ ಗಂಟಲಿಗೆ ತೆರೆಯುವ ಕೊಳವೆ ಇಲ್ಲ, ಒಳಗಿನ ಗಾಳಿಯನ್ನು ಅದು ತಟ್ಟನೆ ಬಿಡಲಾರದು. ಒಂಬತ್ತು ಹತ್ತು ಮೀಟರಿಗಿಂತ ಆಳದಿಂದ ಎತ್ತಿದರೆ ಚೀಲ ಉಬ್ಬಿ, ಬಿಟ್ಟ ಮೇಲೂ ಮೀನು ಮಗುಚಿ ತೇಲಬಹುದು. ವಾಪಸ್ ಬಿಡುವ ಉದ್ದೇಶವಿದ್ದರೆ ಅಷ್ಟು ಆಳದ ಗುಂಪನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಹೆಪ್ಪುಗಟ್ಟಿಸುವ ಗಾಳಿಯಲ್ಲಿ ಕಿವಿರು ಬೇಗ ಹಾಳಾಗುತ್ತದೆ. ಫೋಟೋ ಬೇಕಿದ್ದರೆ ಮೊದಲು ಕ್ಯಾಮೆರಾ ಸಿದ್ಧ ಮಾಡಿ, ಆಮೇಲೆ ಒದ್ದೆ ಕೈಯಲ್ಲಿ ಮೀನೆತ್ತಿ.

ನೀವೇ ನೀರಿಗೆ ಬಿದ್ದರೆ? ತಣ್ಣೀರಿನ ಅಪಾಯವನ್ನು ಅಧ್ಯಯನ ಮಾಡಿದ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಸೂತ್ರ 1-10-1. ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಚಳಿಗೆ ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಕೊನೆಯ ಆ ಗಂಟೆ ಸಿಗಬೇಕಾದರೆ ಮೊದಲ ಒಂದು ನಿಮಿಷದಲ್ಲಿ ಮುಳುಗಬಾರದು. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿದ್ದರೆ ಆಗುವುದಿಲ್ಲ, ಮೈಮೇಲೆ ಇರಬೇಕು.

ನೀರು 10 ಡಿಗ್ರಿ ದಾಟಿ 12ರ ಕಡೆ ಹೊರಟಾಗ ಕಚ್ಚು ಬದಲಾಗುತ್ತದೆ. ಎಣಿಕೆ ಹತ್ತಕ್ಕೆ ಮುಟ್ಟುವ ಮೊದಲೇ ದಾರ ಓಡತೊಡಗುತ್ತದೆ. ಎರಡು ಮೂರು ಸಲ ಹಾಗಾದರೆ ಎಣಿಕೆಯನ್ನು ಐದಕ್ಕೆ ಇಳಿಸಿ. ಅದಕ್ಕೂ ಮೊದಲೇ ಕಚ್ಚಿದರೆ ನೆಡ್ ತಲೆಗಳನ್ನು ಡಬ್ಬಿಗೆ ಹಾಕಿ, ರೀಲಿನ ಹಿಡಿ ತಿರುಗಿಸಬಹುದು.